ಹಿಡಿದ ಬ್ರೇಕು ಬಿಡಲೊಲ್ಲದು: ಹಳೆಯ ಬೈಕಿನ ಡಿಸ್ಕ್ ದುರಸ್ತಿ

ಮೊದಲ ಭಾನುವಾರ

ಅಪ್ಪ 2007ರಲ್ಲಿ ಕೊಂಡಿದ್ದ 150 ಸಿಸಿ ಬೈಕನ್ನು ಮತ್ತೆ ರಸ್ತೆಗಿಳಿಸುವ ಕೆಲಸದಲ್ಲಿ ಕಾರ್ಬ್ಯುರೇಟರ್ ಮತ್ತು ವೈರಿಂಗ್ ಮುಗಿದು, ಈಗ ಮುಂದಿನ ಡಿಸ್ಕ್ ಬ್ರೇಕಿನ ಸರದಿ ಬಂದಿದೆ. ಬ್ರೇಕು ಹಿಡಿಯುವುದರಲ್ಲಿ ಕೊರತೆಯೇನೂ ಇಲ್ಲ, ಹಿಡಿದದ್ದನ್ನು ಬಿಡುವುದೇ ಇಲ್ಲ. ಮೊನ್ನೆ ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿ ಬಂದು ಮನೆಯ ಮುಂದೆ ನಿಲ್ಲಿಸಿದಾಗ, ನ್ಯೂಟ್ರಲ್‌ನಲ್ಲಿದ್ದ ಗಾಡಿಯನ್ನು ಅಂಗಳಕ್ಕೆ ತಳ್ಳಲು ಇಬ್ಬರು ಬೇಕಾದರು. ಡಿಸ್ಕಿನ ಮೇಲೆ ಚಿಮುಕಿಸಿದ ನೀರು ಕಾದ ದೋಸೆಹಂಚಿನ ಮೇಲೆ ಬಿದ್ದಂತೆ ಚುರ್ ಎಂದು ಆರಿಹೋಯಿತು. ಹೊರಡುವಾಗ ಗಾಲಿ ತುಸು ಉಜ್ಜುತ್ತಿತ್ತು, ಹಿಂದಿರುಗುವಷ್ಟರಲ್ಲಿ ಪೂರ್ತಿ ಬಿಗಿದಿತ್ತು. ಈ ವ್ಯತ್ಯಾಸವನ್ನು ನಾನು ಅಂದೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಗಣಿಯ ಜೀಪುಗಳನ್ನು ದುರಸ್ತಿ ಮಾಡಿ ನಿವೃತ್ತರಾದ ಪಕ್ಕದ ಮನೆಯ ಮಾವ ಹೇಳಿದ ಪರೀಕ್ಷೆ ಸರಳವಾಗಿತ್ತು: "ಬಿಗಿದಾಗ ನಿಪ್ಪಲ್ ಸಡ್ಲ ಮಾಡಿ ನೋಡಪ. ಗಾಲಿ ಬಿಟ್ರ ಮ್ಯಾಲಿನ ದೋಷ, ಬಿಡ್ಲಿಲ್ಲಂದ್ರ ಕೆಳಗಿಂದು." ಮೇಲಿನದೆಂದರೆ ಹಿಡಿಕೆಯ ಬಳಿ, ಲಿವರ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್; ಕೆಳಗಿನದೆಂದರೆ ಗಾಲಿಯ ಬಳಿ, ಪ್ಯಾಡುಗಳಿಂದ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್. ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ತಿರುಪಾದ ನಿಪ್ಪಲನ್ನು 8 ನಂಬರಿನ ಪಾನಾದಿಂದ ಸಡಿಲಿಸಿದೆ. ಕಾಫಿಯ ಬಣ್ಣಕ್ಕೆ ತಿರುಗಿದ್ದ ಬ್ರೇಕ್ ಆಯಿಲ್ ಒಂದಿಷ್ಟು ಚಿಮ್ಮಿತು, ಗಾಲಿ ಮಾತ್ರ ಬಿಡಲಿಲ್ಲ. ಒತ್ತಡ ಹೋದ ಮೇಲೂ ಪ್ಯಾಡುಗಳು ಡಿಸ್ಕನ್ನು ಹಿಡಿದೇ ಇದ್ದವೆಂದರೆ ಅವನ್ನು ತಳ್ಳುವ ಪಿಸ್ಟನ್ ತನ್ನ ಮನೆಯೊಳಗೆ ಸಿಕ್ಕಿಕೊಂಡಿದೆ ಎಂದೇ ಅರ್ಥ. ಆದ್ದರಿಂದ ಕ್ಯಾಲಿಪರ್ ಬಿಚ್ಚುವುದೆಂದು ನಿರ್ಧರಿಸಿದೆ. ಆಯಿಲ್ ಚಿಮ್ಮಿದ್ದು ಏಕೆಂದು ಆಗ ಯೋಚಿಸಲಿಲ್ಲ.

ಎರಡನೆಯ ಭಾನುವಾರ

ಡ್ರಮ್ ಬ್ರೇಕಿನಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಸ್ಪ್ರಿಂಗುಗಳಿರುತ್ತವೆ. ಡಿಸ್ಕ್ ಬ್ರೇಕಿನ ಕ್ಯಾಲಿಪರಿನಲ್ಲಿ ಆ ಕೆಲಸ ಮಾಡುವುದು ಪಿಸ್ಟನ್ನಿನ ಸುತ್ತ ತೋಡಿನೊಳಗೆ ಕೂತಿರುವ, ಚೌಕ ಅಂಚಿನ ರಬ್ಬರ್ ಸೀಲ್. ಲಿವರ್ ಒತ್ತಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ, ಸೀಲು ಅದನ್ನು ತಬ್ಬಿಕೊಂಡೇ ತಿರುಚಿಕೊಳ್ಳುತ್ತದೆ. ಲಿವರ್ ಬಿಟ್ಟಾಗ ಸೀಲು ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವಿನ ಬಿಡುವು ಅಷ್ಟೇ. ಈ ಸೀಲು ಗಟ್ಟಿಯಾದರೂ, ಅದರ ತೋಡಿನಲ್ಲಿ ಕಸ ಸೇರಿದರೂ ಪಿಸ್ಟನ್ ಮುಂದೆ ಹೋಗುತ್ತದೆಯೇ ಹೊರತು ಹಿಂದೆ ಬರುವುದಿಲ್ಲ.

ಪಿಸ್ಟನ್ ಹೊರತೆಗೆಯುವವರು ಪೈಪನ್ನು ಮೊದಲೇ ಬಿಚ್ಚಬಾರದು. ಪ್ಯಾಡುಗಳನ್ನು ತೆಗೆದು, ಕೆಳಗೆ ಅರಿವೆ ಹಾಸಿ, ಲಿವರನ್ನು ಮೆಲ್ಲಗೆ ಒತ್ತುತ್ತ ಹೋದರೆ ಬ್ರೇಕಿನ ಒತ್ತಡವೇ ಪಿಸ್ಟನ್ನನ್ನು ಹೊರದಬ್ಬುತ್ತದೆ. ಕ್ರೋಮಿನ ಮೇಲೆ ಇಕ್ಕಳ ಹಾಕಿ ಗೀರುವ ಪಾಪ ತಪ್ಪುತ್ತದೆ. ನನ್ನ ಪಿಸ್ಟನ್ನಿನ ಹೊರತುದಿಯಲ್ಲಿ ಸಂಡೂರಿನ ಕಡೆಯ ಅದಿರು ಲಾರಿಗಳ ಹಿಂದೆ ಓಡಾಡಿ ಅಂಟಿಕೊಂಡ ಕೆಂಧೂಳು ಮಳೆನೀರಿನೊಡನೆ ಬೆರೆತು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಅದನ್ನು ತೊಳೆದ ಮೇಲೆ ಕ್ರೋಮ್ ನುಣ್ಣಗೇ ಇದ್ದುದು ಸಮಾಧಾನ ತಂದಿತು. ಒಳಗಿನ ಸೀಲಿನ ತೋಡಿನಲ್ಲಿ ಮಾತ್ರ ಅಲ್ಯುಮಿನಿಯಂ ಹಿಟ್ಟು ಕಟ್ಟಿ, ಬಿಳಿಯ ಸುಣ್ಣದಂತಹ ಹೊಪ್ಪಳೆ ಎದ್ದಿತ್ತು. ಅದನ್ನು ಹಾಗೇ ಬಿಟ್ಟು ಹೊಸ ಸೀಲು ಕೂರಿಸಿದರೆ ಸೀಲು ಒಳಕ್ಕೆ ಉಬ್ಬಿ ಪಿಸ್ಟನ್ನನ್ನು ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಹೊಸ ಕಿಟ್ ಹಾಕಿಸಿದರೂ ಬ್ರೇಕ್ ಸರಿಹೋಗಲಿಲ್ಲ ಎನ್ನುವವರ ಪೈಕಿ ಹಲವರ ಕಥೆ ಇಷ್ಟೇ ಇರಬೇಕೆಂದು ನನ್ನ ಗುಮಾನಿ. ಬಿದಿರಿನ ಕಡ್ಡಿ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮುಕ್ಕಾಲು ಗಂಟೆ ಕೆರೆದೆ. ಕಬ್ಬಿಣದ ಮೊನೆಯನ್ನು ತೋಡಿಗೆ ತಾಗಿಸಲಿಲ್ಲ.

ತೊಳೆಯಲು ಪೆಟ್ರೋಲ್ ಬಳಸಲಿಲ್ಲ. ಇಂಧನ ಮತ್ತು ಎಂಜಿನ್ ಆಯಿಲ್ ತಗುಲಿದರೆ ಈ ಸೀಲುಗಳ ರಬ್ಬರ್ ಉಬ್ಬುತ್ತದೆ. ಕ್ಯಾಲಿಪರ್ ಜಾರುವ ಎರಡು ಪಿನ್ನುಗಳ ರಬ್ಬರ್ ಹೊದಿಕೆ ಹಾಗೆಯೇ ಉಬ್ಬಿ ಮೆತ್ತಗಾಗಿತ್ತು; ಮೂರು ವರ್ಷದ ಹಿಂದೆ ಅಲ್ಲಿಗೆ ಬೇರಿಂಗಿನ ಗ್ರೀಸ್ ಮೆತ್ತಿದವನು ನಾನೇ. ಹೊದಿಕೆ ಬದಲಿಸಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ 3.5 ಮಿಮೀ ಎಂದು ಅಚ್ಚೊತ್ತಿದೆ, ಅಳತೆಗೆ 3.8 ಬಂದಿತು, ಹಾಗಾಗಿ ಅದನ್ನು ಉಳಿಸಿಕೊಂಡೆ. ಪೈಪಿನ ಬೋಲ್ಟಿನ ಎರಡೂ ತಾಮ್ರದ ವಾಷರುಗಳು ಹೊಸವು.

ಸಂಜೆ ಗಾಲಿ ಎತ್ತಿ ತಿರುಗಿಸಿದಾಗ ಹಗುರವಾಗಿ ತಿರುಗಿತು. ಕೆಲಸ ಮುಗಿಯಿತೆಂದುಕೊಂಡೆ.

ಮೂರನೆಯ ಭಾನುವಾರ

ಮುಗಿದಿರಲಿಲ್ಲ. ಬುಧವಾರ ಮಧ್ಯಾಹ್ನದ ಬಿಸಿಲಿನಲ್ಲಿ ಊರೊಳಗಿನ ಸಂದಣಿಯಲ್ಲಿ ಪದೇ ಪದೇ ಬ್ರೇಕ್ ಹಾಕುತ್ತ ಹೋದಂತೆ ಲಿವರಿನ ಸಡಿಲು ಕಡಿಮೆಯಾಗುತ್ತ ಬಂದು, ಕೊನೆಗೆ ಗಾಲಿ ಮತ್ತೆ ಬಿಗಿಯಿತು. ರಸ್ತೆ ಬದಿಯ ಬೇವಿನ ನೆರಳಿನಲ್ಲಿ ನಿಲ್ಲಿಸಿ ನಿಪ್ಪಲ್ ಸಡಿಲಿಸಿದೆ. ಈ ಸಲ ಆಯಿಲ್ ಚಿಮ್ಮಿದ ಕ್ಷಣವೇ ಗಾಲಿ ಬಿಟ್ಟಿತು. ಮಾವನ ಲೆಕ್ಕದ ಪ್ರಕಾರ ಇದು ಮೇಲಿನ ದೋಷ. ಮೊದಲಿನಿಂದಲೂ ದೋಷಗಳು ಎರಡಿದ್ದವು. ಕೆಳಗಿನದು ಸರಿಯಾದ ಮೇಲೆ ಮೇಲಿನದು ಕಣ್ಣಿಗೆ ಬಿದ್ದಿತು.

ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿಯ ತಳದಲ್ಲಿ ಎರಡು ರಂಧ್ರಗಳಿವೆ. ದೊಡ್ಡದು ಎಲ್ಲರಿಗೂ ಕಾಣುತ್ತದೆ. ಚಿಕ್ಕದು ಸೂಜಿಮೊನೆಯಷ್ಟಿದ್ದು, ಲಿವರ್ ಪೂರ್ತಿ ಬಿಟ್ಟಾಗ ಪೈಪಿನ ಆಯಿಲಿಗೂ ಡಬ್ಬಿಗೂ ಇರುವ ದಾರಿ ಅದೊಂದೇ. ಬ್ರೇಕ್ ಬಿಸಿಯಾದಾಗ ಹಿಗ್ಗಿದ ಆಯಿಲ್ ಈ ರಂಧ್ರದಿಂದಲೇ ಮೇಲೇರಬೇಕು. ಅದು ಕಟ್ಟಿಕೊಂಡರೆ ಹಿಗ್ಗಿದ ಆಯಿಲ್ ಪಿಸ್ಟನ್ನನ್ನೇ ಒತ್ತುತ್ತದೆ, ಪ್ಯಾಡು ಡಿಸ್ಕಿಗೆ ಉಜ್ಜುತ್ತದೆ, ಉಜ್ಜಿದಷ್ಟೂ ಆಯಿಲ್ ಇನ್ನಷ್ಟು ಹಿಗ್ಗುತ್ತದೆ. ತೋರಣಗಲ್ಲಿಗೆ ಹೊರಡುವಾಗ ತುಸುವೇ ಉಜ್ಜುತ್ತಿದ್ದ ಗಾಲಿ ಬರುವಷ್ಟರಲ್ಲಿ ಬಿಗಿದದ್ದೂ, ಮೊದಲ ಭಾನುವಾರ ನಿಪ್ಪಲ್ ಸಡಿಲಿಸಿದಾಗ ಆಯಿಲ್ ಚಿಮ್ಮಿದ್ದೂ ಇದರಿಂದ.

ಟ್ಯಾಂಕಿನ ಮೇಲೆ ಒದ್ದೆ ಟವಲು ಹೊದಿಸಿಯೇ ಮುಚ್ಚಳ ತೆಗೆದೆ, ಬ್ರೇಕ್ ಆಯಿಲ್ ಬಿದ್ದಲ್ಲಿ ಬಣ್ಣ ಏಳುತ್ತದೆ. ತಳದಲ್ಲಿ ಬೆಲ್ಲದ ಪಾಕದಂತಹ ಕಂದು ಗಷ್ಟು ಕೂತಿತ್ತು. ಹಳೆಯ ಕ್ಲಚ್ ಕೇಬಲಿನಿಂದ ಒಂದೇ ಒಂದು ಎಳೆ ಬಿಡಿಸಿ, ಸಿಲಿಂಡರನ್ನು ಬಿಚ್ಚಿಕೊಂಡು ರಂಧ್ರದೊಳಗೆ ಮೆಲ್ಲಗೆ ಆಡಿಸಿದೆ. ಮೂರನೆಯ ಯತ್ನಕ್ಕೆ ಆಚೆ ಬದಿಯ ಬೆಳಕು ಚುಕ್ಕಿಯಂತೆ ಕಂಡಿತು. ಒಳಗಿನ ರಬ್ಬರ್ ಕಪ್ಪುಗಳನ್ನೂ ಬದಲಿಸಿದೆ. ಜೋಡಿಸಿ ಆಯಿಲ್ ತುಂಬಿದ ಮೇಲೆ ಲಿವರನ್ನು ಸ್ವಲ್ಪವೇ ಎಳೆದರೆ ಡಬ್ಬಿಯೊಳಗೆ ಚಿಕ್ಕ ಬುಗ್ಗೆ ಏಳುತ್ತದೆ. ದಾರಿ ತೆರೆದಿದೆ ಎಂಬುದಕ್ಕೆ ಅದೇ ಗುರುತು, ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ.

ನಾಲ್ಕನೆಯ ಭಾನುವಾರ

ಮುಚ್ಚಳದ ಮೇಲಿನ ಸೂಚನೆಯಂತೆ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿದ್ದೇನೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ಗಾಳಿಯ ತೇವ ಹೀರಿ ಸುಮಾರು 3.7 ಶೇಕಡಾ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಎದ್ದು ಲಿವರ್ ಹಿಡಿಕೆಗೆ ಹೋಗಿ ತಾಗುತ್ತದೆ, ಬ್ರೇಕ್ ಇರುವುದಿಲ್ಲ. ಆದ್ದರಿಂದ ಅರ್ಧ ಉಳಿದ ಹಳೆಯ ಡಬ್ಬಿಯನ್ನು ಬಳಸದೆ ಹೊಸದನ್ನೇ ಒಡೆದೆ. ಏರ್ ತೆಗೆಯಲು, ಅಂದರೆ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಹಾಕಲು, ತಂಗಿಯ ಮಗ ಲಿವರ್ ಹಿಡಿದು ಕೂತ. ನಮ್ಮದು ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಗಾಲಿ ಪೂರ್ತಿ ನಿಂತುಬಿಡದಂತೆ ತಡೆಯುವ ವ್ಯವಸ್ಥೆ) ಇಲ್ಲದ ಕಾಲದ ಗಾಡಿಯಾದ್ದರಿಂದ ಇಪ್ಪತ್ತು ನಿಮಿಷದಲ್ಲಿ ಗುಳ್ಳೆ ನಿಂತಿತು.

ಬೆಳಿಗ್ಗೆ ಮತ್ತೆ ತೋರಣಗಲ್ಲಿಗೆ ಹೋಗಿ ಬಂದೆ. ಅಂಗಳದಲ್ಲಿ ಗಾಲಿ ಎತ್ತಿ ಕೈಯಿಂದ ಬೀಸಿದಾಗ ಎರಡು ಸುತ್ತು ತಿರುಗಿ ನಿಂತಿತು, ಡಿಸ್ಕಿನ ಮೇಲಿನ ನೀರು ಹನಿಯಾಗಿಯೇ ಜಾರಿ ಇಳಿಯಿತು. ರಬ್ಬರ್ ಪೈಪು ಮಾತ್ರ 2007ರದ್ದೇ ಇದೆ, ಬಾಗುವಲ್ಲಿ ಸಣ್ಣ ಬಿರುಕುಗಳು ಕಾಣುತ್ತಿವೆ. ಮುಂದಿನ ವಾರ ಅದನ್ನು ಬದಲಿಸಿ, ಮತ್ತೊಮ್ಮೆ ಏರ್ ತೆಗೆದು, ನಂತರ ಹಿಂದಿನ ಡ್ರಮ್ಮಿಗೆ ಕೈ ಹಾಕುತ್ತೇನೆ.