ಏಟು ಎಣಿಸಿ ವೇಗ ಹೇಳುವುದು: ಸೆಟಲ್–ಕಾರ್ಲೈಲ್ ಮಾರ್ಗದ ಉಗಿ ರೈಲುಗಳ ದಾಖಲೆ

ಫೆಬ್ರವರಿ

ಈ ವರ್ಷ ಕ್ಯಾಮೆರಾ ಮನೆಯಲ್ಲೇ ಇರುತ್ತದೆ. ರಿಬಲ್‌ಹೆಡ್ ಸೇತುವೆಯ 24 ಕಮಾನುಗಳ ಮೇಲೆ ಹೊಗೆ ಚೆಲ್ಲುತ್ತ ಹೋಗುವ ರೈಲಿನ ಚಿತ್ರಗಳು ಈಗಾಗಲೇ ಬೇಕಾದಷ್ಟಿವೆ. ನಾನು ಇನ್ನೊಂದು ತೆಗೆದು ಆಗಬೇಕಾದ್ದೇನೂ ಇಲ್ಲ. ಅದೂ ಅಲ್ಲದೆ ಚಿತ್ರದಲ್ಲಿ ಎಂಜಿನ್ ಕಷ್ಟಪಡುತ್ತಿದೆಯೋ ಆರಾಮಾಗಿ ಉರುಳುತ್ತಿದೆಯೋ ತಿಳಿಯುವುದಿಲ್ಲ. ಸದ್ದಿನಲ್ಲಿ ತಿಳಿಯುತ್ತದೆ. ಆದ್ದರಿಂದ ಈ ಸಲ ಒಂದೇ ಜಾಗ, ಒಂದೇ ಮೈಕ್, ಬರುವ ಎಂಜಿನ್ ಮಾತ್ರ ಬೇರೆ ಬೇರೆ. ಚಿಮಣಿಯಿಂದ ಕೇಳುವ ಉಗಿಯ ಏಟುಗಳನ್ನು ಎಣಿಸಿ ಅದರ ವೇಗ ಹೇಳುವುದು ನನ್ನ ಕೆಲಸ.

ಉತ್ತರ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿರುವ ನನ್ನಂಥವನಿಗೆ ಸೆಟಲ್–ಕಾರ್ಲೈಲ್ ಮಾರ್ಗ ದೂರವಲ್ಲ. 1876ರಲ್ಲಿ ಪ್ರಯಾಣಿಕರಿಗೆ ತೆರೆದ ಈ ಮಾರ್ಗವನ್ನು 1980ರ ದಶಕದಲ್ಲಿ ಮುಚ್ಚಲು ಹೊರಟಿದ್ದರು. ದೊಡ್ಡ ಜನಾಂದೋಲನದ ನಂತರ 1989ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಸೆಟಲ್ ಜಂಕ್ಷನ್ನಿನಿಂದ ಬ್ಲೀ ಮೂರ್‌ವರೆಗೆ ಸುಮಾರು 15 ಮೈಲಿ ಬಹುಪಾಲು ನೂರಕ್ಕೆ ಒಂದರ ಏರು. ಇಲ್ಲಿನವರು ಅದನ್ನು ‘ಲಾಂಗ್ ಡ್ರ್ಯಾಗ್’ ಎನ್ನುತ್ತಾರೆ. ಏರು ಇಷ್ಟು ಉದ್ದಕ್ಕೆ ಒಂದೇ ಸಮನಾಗಿ ಸಿಗುವುದೇ ನನಗೆ ಅನುಕೂಲ: ಚಾಲಕ ಒಂದು ಹದಕ್ಕೆ ತಂದು ನಿಲ್ಲಿಸಿದ ಎಂಜಿನ್ ಮೈಲಿಗಟ್ಟಲೆ ಅದೇ ಹದದಲ್ಲಿ ದುಡಿಯುತ್ತದೆ.

ನಾನು ಆರಿಸಿಕೊಂಡ ಜಾಗ ಹಾರ್ಟನ್‌ಗೂ ರಿಬಲ್‌ಹೆಡ್‌ಗೂ ನಡುವೆ ಸೆಲ್‌ಸೈಡ್ ಹಳ್ಳಿಯ ಹತ್ತಿರ, ಹಳಿಯಿಂದ ಸಾಕಷ್ಟು ದೂರದಲ್ಲಿ, ಸಾರ್ವಜನಿಕ ಕಾಲುದಾರಿಯ ಕಲ್ಲುಗೋಡೆಯ ಪಕ್ಕ. ದೂರ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. 2016ರ ಫೆಬ್ರವರಿ 25ರಂದು ಹೆಸರಾಂತ ಉಗಿ ಎಂಜಿನ್ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ದುರಸ್ತಿಯ ನಂತರ ಲಂಡನ್ನಿನಿಂದ ಯಾರ್ಕ್‌ಗೆ ಹೊರಟಾಗ ಚಿತ್ರ ತೆಗೆಯುವವರು ಹಳಿಯ ಮೇಲೇ ಬಂದು ನಿಂತು ರೈಲುಗಳನ್ನು ತಡೆದ ಪ್ರಸಂಗ ಇನ್ನೂ ಯಾರೂ ಮರೆತಿಲ್ಲ. ಉಗಿ ರೈಲನ್ನು ಮುಖ್ಯ ಮಾರ್ಗದಲ್ಲಿ ಓಡಿಸಲು ಸಿಗುವ ಅನುಮತಿ ಇಂಥವರಿಂದಲೇ ಒಂದು ದಿನ ತಪ್ಪಿಹೋದೀತು.

ಮಾರ್ಚ್

ಮೊದಲ ಒಳ್ಳೆಯ ಧ್ವನಿಮುದ್ರಣ ‘ಗಲಾಟಿಯಾ’ದ್ದು, ಸಂಖ್ಯೆ 45699, ಜುಬಿಲಿ ವರ್ಗದ ಮೂರು ಸಿಲಿಂಡರಿನ ಎಂಜಿನ್. ಗ್ರೀಕ್ ಪುರಾಣದ ಹೆಸರೇ ಆದರೂ ಕನ್ನಡದ ಕಿವಿಗೆ ಅದರಲ್ಲಿ ಗಲಾಟೆ ಕೇಳಿಸುತ್ತದೆ, ಏರಿನಲ್ಲಿ ಅದು ಮಾಡುವುದೂ ಅದನ್ನೇ.

ಲೆಕ್ಕದ ಬಗೆ ಹೀಗಿದೆ. ಸಿಲಿಂಡರಿನಲ್ಲಿ ಕೊಂತ (ಪಿಸ್ಟನ್) ಎರಡೂ ಕಡೆಯಿಂದ ತಳ್ಳಿಸಿಕೊಳ್ಳುತ್ತದೆ. ಹಾಗಾಗಿ ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಒಂದೊಂದು ಸಿಲಿಂಡರೂ ಎರಡು ಸಲ ಉಗಿಯನ್ನು ಹೊರಗೆ ದೂಡುತ್ತದೆ. ಆ ಉಗಿ ಚಿಮಣಿಯ ಮೂಲಕ ಚಿಮ್ಮುವಾಗ ಒಲೆಯ ಬೆಂಕಿಗೂ ಗಾಳಿ ಎಳೆದುಕೊಡುತ್ತದೆ. ನಾವು ಕೇಳುವ ಏಟು ಅದು. ಎರಡು ಸಿಲಿಂಡರಿನ ಎಂಜಿನ್ನಿಗೆ ಪ್ರತಿ ಸುತ್ತಿನಲ್ಲಿ ನಾಲ್ಕು ಏಟು, ಮೂರು ಸಿಲಿಂಡರಿನದಕ್ಕೆ ಆರು. ಸಂಗೀತ ಬಲ್ಲವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಮೊದಲನೆಯದು ಏಕತಾಳ, ಎರಡನೆಯದು ರೂಪಕ. ನಾಲ್ಕು ಸಿಲಿಂಡರಿದ್ದರೆ ಎಂಟು ಏಟು ಇರಬೇಕಲ್ಲವೇ ಎಂದು ಕೇಳಬಹುದು. ‘ಡಚೆಸ್’ ವರ್ಗದಲ್ಲಿ ಎರಡೆರಡು ಸಿಲಿಂಡರುಗಳು ಒಟ್ಟಿಗೇ ಉಗಿ ಬಿಡುವುದರಿಂದ ಅದೂ ನಾಲ್ಕೇ.

ಗಲಾಟಿಯಾದ ಚಾಲನಾ ಚಕ್ರದ ವ್ಯಾಸ 6 ಅಡಿ 9 ಅಂಗುಲ, ಸುತ್ತಳತೆ ಸುಮಾರು 6.46 ಮೀಟರ್. ಕಡತವನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ಏಟುಗಳ ಶಿಖರಗಳನ್ನು ಎಣಿಸಿದೆ. ಎಂಜಿನ್ ಹತ್ತಿರ ಬರುವಾಗ ಸೆಕೆಂಡಿಗೆ 11.4, ದಾಟಿ ದೂರ ಹೋಗುವಾಗ 10.6. ಎಂಜಿನ್ ನಿಧಾನವಾದದ್ದಲ್ಲ. ನಮ್ಮತ್ತ ಬರುವ ಸದ್ದಿನ ಏಟುಗಳು ಒತ್ತೊತ್ತಾಗಿ, ದೂರ ಹೋಗುವುದರ ಏಟುಗಳು ಎಡೆಬಿಟ್ಟು ಕಿವಿ ಸೇರುತ್ತವೆ. ಹಾದುಹೋಗುವ ಆಂಬುಲೆನ್ಸಿನ ಸೈರನ್ ಇಳಿದಂತೆ ಕೇಳಿಸುವುದಕ್ಕೂ ಇದೇ ಕಾರಣ. ಎರಡರ ಸರಾಸರಿ 11. ಅಲ್ಲಿಗೆ ಸೆಕೆಂಡಿಗೆ ಸುಮಾರು 11.8 ಮೀಟರ್, ಗಂಟೆಗೆ 43 ಕಿಲೋಮೀಟರಿಗೆ ತುಸು ಕಡಿಮೆ.

ಒಂದೇ ದಾರಿಯ ಲೆಕ್ಕವನ್ನು ನಾನು ನಂಬುವುದಿಲ್ಲ. ಅಭಿಮಾನಿಗಳಿಗಾಗಿ ಓಡಿಸುವ ಈ ವಿಶೇಷ ಉಗಿ ರೈಲುಗಳಲ್ಲಿ ಸಾಮಾನ್ಯವಾಗಿ ಬಳಸುವ ಹಳೆಯ ಬೋಗಿಗಳು ಒಂದೊಂದೂ ಸುಮಾರು 20 ಮೀಟರ್ ಉದ್ದ. ಹತ್ತು ಬೋಗಿಗಳು ಒಂದು ಕಂಬವನ್ನು ದಾಟಲು ತೆಗೆದುಕೊಂಡ ಸಮಯ ಸುಮಾರು 17 ಸೆಕೆಂಡ್. ಎರಡೂ ಲೆಕ್ಕಗಳು ಒಂದೇ ಕಡೆ ಬಂದು ನಿಂತವು. ಅವತ್ತು ಗೋಡೆಯ ಪಕ್ಕ ನಿಂತಿದ್ದ ಒಬ್ಬ ಹಿರಿಯರು ಸ್ಟಾಪ್‌ವಾಚ್, ಸಣ್ಣ ನೋಟ್‌ಬುಕ್ ಹಿಡಿದು ಹಳಿಯ ಪಕ್ಕದ ಕಾಲುಮೈಲಿ ಕಲ್ಲುಗಳನ್ನು ರೈಲು ದಾಟುವ ಸಮಯದಿಂದ ವೇಗ ಲೆಕ್ಕ ಹಾಕಿ ಬರೆದುಕೊಳ್ಳುತ್ತಿದ್ದರು. ನನ್ನ ಯಂತ್ರವನ್ನು ನೋಡಿ ಅವರಿಗೆ ಕನಿಕರವೇ ಆಯಿತು ಎನಿಸುತ್ತದೆ. ಅವರ ಅಂಕಿಯೂ ನನ್ನದಕ್ಕೆ ಹತ್ತಿರವಿತ್ತು.

ಈ ವೇಗದ ಹಿಂದಿರುವ ಶ್ರಮವನ್ನೂ ಲೆಕ್ಕ ಹಾಕಿದೆ. ಎಂಜಿನ್, ಕಲ್ಲಿದ್ದಲು ನೀರು ಹೊರುವ ಟೆಂಡರ್, ಹತ್ತು ಬೋಗಿ ಎಲ್ಲ ಸೇರಿ ಸುಮಾರು 480 ಟನ್. ನೂರಕ್ಕೆ ಒಂದರ ಏರಿನಲ್ಲಿ ಗುರುತ್ವಾಕರ್ಷಣೆ ಅದರ ನೂರರಲ್ಲೊಂದು ಪಾಲಿನಷ್ಟು, ಅಂದರೆ 4.8 ಟನ್ ಭಾರದಷ್ಟು, ಹಿಂದಕ್ಕೆ ಎಳೆಯುತ್ತದೆ. ಆ ಎಳೆತವನ್ನು ಮೀರಲೆಂದೇ ಸುಮಾರು 560 ಕಿಲೋವ್ಯಾಟ್ ಬೇಕು, 750 ಅಶ್ವಶಕ್ತಿ. ಗಾಳಿಯ ತಡೆ, ಚಕ್ರಗಳ ತಿಕ್ಕಾಟ ಇದರ ಮೇಲೆ. ಬೆಂಕಿಗೆ ಕಲ್ಲಿದ್ದಲು ಸಲಿಕೆಯಲ್ಲಿ ಹಾಕುವ ಮನುಷ್ಯ ಒಬ್ಬ.

ಒಂದು ಅಡ್ಡಿಯಿದೆ. ಬಹಳಷ್ಟು ರೈಲುಗಳ ಹಿಂದೆ ಒಂದು ಡೀಸೆಲ್ ಎಂಜಿನ್ ಕಟ್ಟಿರುತ್ತಾರೆ. ಅದು ಸುಮ್ಮನೆ ಎಳೆಸಿಕೊಂಡು ಹೋಗುತ್ತಿದೆಯೋ ಹಿಂದಿನಿಂದ ಒಂದು ಕೈ ಕೊಡುತ್ತಿದೆಯೋ ಎಂಬುದು ಅಭಿಮಾನಿಗಳ ನಡುವಿನ ಮುಗಿಯದ ಜಗಳ. ಧ್ವನಿಮುದ್ರಣ ಇಲ್ಲಿ ನಿಷ್ಪಕ್ಷಪಾತಿ: ಕೊನೆಯ ಬೋಗಿ ದಾಟಿದ ಮೇಲೆ ಡೀಸೆಲ್ ಗುರುಗುಟ್ಟುತ್ತಿದೆಯೋ ನಿದ್ರಿಸುತ್ತಿದೆಯೋ ಸ್ಪಷ್ಟವಾಗಿ ಕೇಳಿಸುತ್ತದೆ. ಅವತ್ತು ನಿದ್ರಿಸುತ್ತಿತ್ತು; ಅದರ ಭಾರವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ಏಪ್ರಿಲ್

ಈ ವರ್ಷದ ಅತ್ಯುತ್ತಮ ಕಡತ ಇದೇ ಆಗಬಹುದು. ಎರಡು ‘ಬ್ಲ್ಯಾಕ್ ಫೈವ್’ ಎಂಜಿನ್‌ಗಳು ಜೋಡಿಯಾಗಿ, 44871 ಮತ್ತು 45407.

44871ಕ್ಕೆ ಒಂದು ವಂಶವೃತ್ತಾಂತವಿದೆ. ಬ್ರಿಟಿಷ್ ರೈಲ್ವೆ ತನ್ನ ಮುಖ್ಯ ಮಾರ್ಗಗಳಲ್ಲಿ ಉಗಿಗೆ ವಿದಾಯ ಹೇಳಿದ್ದು 1968ರ ಆಗಸ್ಟ್ 11ರಂದು, 15 ಗಿನಿ ಟಿಕೆಟ್ ದರದ ಒಂದು ವಿಶೇಷ ರೈಲಿನಿಂದ. ಅದು ಇದೇ ಮಾರ್ಗದಲ್ಲಿ ಕಾರ್ಲೈಲ್‌ಗೆ ಹೋಗಿ ಬಂದಿತ್ತು. ಕಾರ್ಲೈಲ್‌ನಿಂದ ಮರಳುವಾಗ ಅದನ್ನು ಎಳೆದ ಜೋಡಿಯಲ್ಲಿ 44871 ಒಂದು. ಅನಂತರ ಮುಖ್ಯ ಮಾರ್ಗದಲ್ಲಿ ಉಗಿಗೆ ನಿಷೇಧವಿತ್ತು, ಅದು ಸಡಿಲವಾದದ್ದು 1971ರಲ್ಲಿ. ವಿದಾಯ ಹೇಳಿಸಿಕೊಂಡ ಎಂಜಿನ್ ಅದೇ ಏರಿನಲ್ಲಿ ಮತ್ತೆ ದುಡಿಯುತ್ತಿರುವುದನ್ನು ನೋಡಿದರೆ ಇಂಗ್ಲಿಷರ ವಿದಾಯಗಳನ್ನು ಎಷ್ಟು ನಂಬಬೇಕೋ ತಿಳಿಯದು.

ಇರಲಿ, ಸದ್ದಿಗೆ ಬರುತ್ತೇನೆ. ಎರಡಕ್ಕೂ ಚಕ್ರದ ವ್ಯಾಸ ಹೊಸದಿದ್ದಾಗ 6 ಅಡಿ; ಎರಡಕ್ಕೂ ಪ್ರತಿ ಸುತ್ತಿನಲ್ಲಿ ನಾಲ್ಕು ಏಟು. ಎರಡೂ ಒಟ್ಟಿಗೇ ಬಡಿಯಬೇಕಲ್ಲ? ಕೇಳಿಸಿದ್ದು ಹಾಗಲ್ಲ. ಕೆಲವು ಕ್ಷಣ ಏಟುಗಳು ಒಂದರ ಮೇಲೊಂದು ಬಿದ್ದು ಒಂದೇ ದೊಡ್ಡ ಎಂಜಿನ್ನಿನಂತೆ ಗುಡುಗಿದವು. ಆಮೇಲೆ ನಿಧಾನವಾಗಿ ಒಂದು ಹಿಂದೆ ಬಿದ್ದು, ಏಟುಗಳ ನಡುವಿನ ಖಾಲಿ ಜಾಗದಲ್ಲಿ ಇನ್ನೊಂದರ ಏಟು ತುಂಬಿಕೊಂಡು, ಎರಡು ಪಟ್ಟು ವೇಗದಲ್ಲಿ ಓಡುತ್ತಿರುವ ಭ್ರಮೆ ಹುಟ್ಟಿತು. ಮತ್ತೆ ಕೂಡಿಕೊಂಡವು.

ಕಾರಣ ಚಕ್ರದ ಉಕ್ಕಿನ ಪಟ್ಟಿಯ ಸವೆತ. ಪಟ್ಟಿ ಸವೆದಂತೆ ವ್ಯಾಸ ಕಡಿಮೆಯಾಗಿ ಚಕ್ರ ಹೆಚ್ಚು ಸಲ ಸುತ್ತಬೇಕಾಗುತ್ತದೆ. ಎರಡು ಎಂಜಿನ್‌ಗಳ ವ್ಯಾಸದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೆ ಸುಮಾರು 144 ಮೀಟರಿಗೊಮ್ಮೆ ಏಟುಗಳು ಕೂಡಬೇಕು. ಅದರ ಅರ್ಧ ವ್ಯತ್ಯಾಸವಿದ್ದರೆ ಎರಡರಷ್ಟು ದೂರಕ್ಕೊಮ್ಮೆ. ಅಂದರೆ ಕೂಡುವಿಕೆಗಳ ನಡುವಿನ ದೂರ ಸಿಕ್ಕರೆ, ಯಾವ ಎಂಜಿನ್ನನ್ನೂ ಮುಟ್ಟದೆ, ಗೋಡೆಯ ಪಕ್ಕ ಕುಳಿತು ಫ್ಲಾಸ್ಕಿನ ಕಾಫಿ ಕುಡಿಯುತ್ತ ಎರಡರ ಚಕ್ರಗಳ ವ್ಯತ್ಯಾಸವನ್ನು ಮಿಲಿಮೀಟರಿನಲ್ಲಿ ಹೇಳಬಹುದು. ಯಾವುದು ಹೆಚ್ಚು ಸವೆದಿದೆ ಎಂಬುದನ್ನು ಮಾತ್ರ ಒಂದು ಮೈಕ್ ಹೇಳಲಾರದು. ಅದಕ್ಕೆ ಎರಡು ಬೇಕು.

ಜೂನ್, ಜುಲೈ

ದಾಖಲೆ ಖಾಲಿ. ಮಳೆಯಿಲ್ಲದೆ ಹುಲ್ಲು ಒಣಗಿತು. ಏರಿನಲ್ಲಿ ಚಿಮಣಿಯಿಂದ ಕಿಡಿ ಹಾರುತ್ತದೆ, ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಆದ್ದರಿಂದ ಎಳೆಯಲು ಡೀಸೆಲ್. ಕರಾವಳಿಯ ಮಳೆಗೆ ಶಾಪ ಹಾಕಿ ಬೆಳೆದ ನಾನು ಯಾರ್ಕ್‌ಶೈರಿನಲ್ಲಿ ಕುಳಿತು ಮಳೆಗಾಗಿ ಹವಾಮಾನ ವರದಿ ನೋಡುತ್ತಿದ್ದೆ.

ಈ ಬಿಡುವಿನಲ್ಲಿ ಮೈಕಿಗೆ ದಪ್ಪ ತುಪ್ಪಳದ ಗಾಳಿಗವಸು ಕೊಂಡೆ. ರಿಬಲ್‌ಹೆಡ್ ಕಡೆಯ ಗಾಳಿಗೆ ತೆಳು ಸ್ಪಂಜು ಏನೇನೂ ಸಾಲದು. ವಾರಾಂತ್ಯದಲ್ಲಿ ಬಿ 6479 ರಸ್ತೆಯ ಮೋಟಾರ್‌ಸೈಕಲ್ಲುಗಳಿಗೆ ಮಾತ್ರ ಯಾವ ಗವಸೂ ಇಲ್ಲ. ರೈಲನ್ನು ಕಾರಿನಲ್ಲಿ ಬೆನ್ನಟ್ಟುವವರದು ಇನ್ನೊಂದು ಕಾಟ: ಹಾರ್ಟನ್‌ನಲ್ಲಿ ಒಂದು ಚಿತ್ರ, ರಿಬಲ್‌ಹೆಡ್‌ನಲ್ಲಿ ಒಂದು, ಗಾರ್ಸ್‌ಡೇಲ್‌ನಲ್ಲಿ ಇನ್ನೊಂದು ಎಂದು ಓಡುವ ಅವರು ಎಂಜಿನ್ ದಾಟಿದ ಕೂಡಲೇ ಕಾರಿನ ಬಾಗಿಲು ಬಡಿದು ಹೊರಡುತ್ತಾರೆ. ದೂರ ಸರಿಯುವ ಏಟುಗಳು ನನಗೆ ಅತ್ಯಗತ್ಯವಾಗಿ ಬೇಕಾದ ಹೊತ್ತು ಅದು.

ಸೆಪ್ಟೆಂಬರ್

ಮಳೆ ಬಂತು, ‘ಬ್ರಿಟಿಷ್ ಇಂಡಿಯಾ ಲೈನ್’ ಕೂಡ ಬಂತು. 35018, ಮರ್ಚೆಂಟ್ ನೇವಿ ವರ್ಗ. ಈ ವರ್ಗದ ಬಹುತೇಕ ಎಂಜಿನ್ನುಗಳಿಗೆ ಹಡಗು ಕಂಪನಿಗಳ ಹೆಸರು. ಇದರದು ನಮ್ಮ ಬಂದರುಗಳಿಗೂ ಬರುತ್ತಿದ್ದ ಹಡಗುಗಳದು. ಆ ಫಲಕವನ್ನು ಓದುವಾಗ ಪಕ್ಕದಲ್ಲಿ ನಿಂತವರ ಮುಖದ ಹೆಮ್ಮೆ ನನ್ನ ಮುಖದಲ್ಲಿ ಮೂಡುವುದಿಲ್ಲ. ಎಂಜಿನ್ ಒಳ್ಳೆಯದು, ಅದರ ಮೇಲೆ ನನಗೇನೂ ಕೋಪವಿಲ್ಲ.

ದಕ್ಷಿಣ ಇಂಗ್ಲೆಂಡಿಗೆಂದು ಹುಟ್ಟಿದ ಈ ವರ್ಗ ಜಾರುವುದಕ್ಕೆ ಹೆಸರಾದದ್ದು. ಮೂರು ಸಿಲಿಂಡರ್, ಚಕ್ರ 6 ಅಡಿ 2 ಅಂಗುಲ, ಸುತ್ತಳತೆ 5.9 ಮೀಟರ್. ಒದ್ದೆ ಹಳಿಯ ಮೇಲೆ ಚೆನ್ನಾಗಿಯೇ ಏರುತ್ತಿದ್ದುದು ನನ್ನ ಎದುರಿಗೇ ಒಮ್ಮೆ ಹಿಡಿತ ತಪ್ಪಿತು. ಏಟುಗಳು ಒಂದಕ್ಕೊಂದು ಅಂಟಿ ಒಂದೇ ಗರ್ಜನೆಯಾಯಿತು; ಚಾಲಕ ಉಗಿ ಕಡಿಮೆ ಮಾಡಿ ಕೂಡಲೇ ಹದಕ್ಕೆ ತಂದರು. ಕಡತದಲ್ಲಿ ಆ ತುಣುಕಿನ ಏಟುಗಳನ್ನು ಮಾತ್ರ ನಂಬಿದರೆ ರೈಲು ಏರಿನಲ್ಲಿ ಇದ್ದಕ್ಕಿದ್ದಂತೆ ಎಕ್ಸ್‌ಪ್ರೆಸ್ ವೇಗಕ್ಕೆ ಹಾರಿದೆ. ಬೋಗಿಗಳ ಲೆಕ್ಕ ತೆಗೆದರೆ ವೇಗ ಹೆಚ್ಚಿಲ್ಲ, ತುಸು ಇಳಿದಿದೆ. ಎರಡರ ನಡುವಿನ ಅಂತರವೇ ಜಾರಿದ ಪ್ರಮಾಣ.

ಗೋಡೆಯ ಪಕ್ಕದ ಹಿರಿಯರಿಗೆ ಆ ತರಂಗಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, ಮುಂದಿನ ಸಲ ಬರುವಾಗ ತಮ್ಮ ಬಳಿಯಿರುವ ಹಳೆಯ ಟೇಪುಗಳನ್ನು ತರುತ್ತೇನೆ ಎಂದರು. ಅವುಗಳಲ್ಲಿ ಎಂಜಿನ್ನಿನ ಸಂಖ್ಯೆ, ಜಾಗ ಎರಡೂ ಬರೆದಿದ್ದರೆ ವೇಗವನ್ನು ಈಗಲೂ ಕಂಡುಹಿಡಿಯಬಹುದು. ಟೇಪು ಓಡುವ ವೇಗವೇ ಹೆಚ್ಚುಕಡಿಮೆ ಆಗಿರುವ ಸಾಧ್ಯತೆ ಇದೆ, ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಮುಂದಿನ ಕೆಲಸ

ಎರಡನೆಯ ರೆಕಾರ್ಡರ್ ಬಂದಿದೆ. 200 ಮೀಟರ್ ಅಂತರದಲ್ಲಿ ಎರಡನ್ನೂ ಇಟ್ಟು, ಮೊದಲಿಗೆ ಒಂದು ಚಪ್ಪಾಳೆಯಿಂದ ಸಮಯ ಹೊಂದಿಸಿಕೊಂಡರೆ, ಜೋಡಿ ಎಂಜಿನ್‌ಗಳಲ್ಲಿ ಯಾವುದರ ಚಕ್ರ ಚಿಕ್ಕದು ಎಂಬುದು ಸಿಗಬೇಕು. ಚಳಿಗಾಲದ ರೈಲುಗಳ ಪಟ್ಟಿ ಬಂದ ಮೇಲೆ ಕಾರ್ಲೈಲ್ ಕಡೆಗೆ ಹೋಗುವ ಇನ್ನೊಂದು ಮಾರ್ಗದ ಶ್ಯಾಪ್ ಏರಿಗೂ ಹೋಗುವ ಯೋಚನೆಯಿದೆ. ಟೆಬೇ ದಾಟಿದ ನಂತರದ ನಾಲ್ಕು ಮೈಲಿ 75ಕ್ಕೆ ಒಂದರ ಏರು, ಸೆಲ್‌ಸೈಡಿಗಿಂತ ಕಡಿದು. ಪಕ್ಕದಲ್ಲೇ ಎಂ6 ಹೆದ್ದಾರಿ ಇರುವುದರಿಂದ ಮೈಕ್ ಎಲ್ಲಿಡಬೇಕು ಎಂಬುದನ್ನು ರೈಲಿಲ್ಲದ ಒಂದು ದಿನ ಹೋಗಿ ನೋಡಿಕೊಂಡು ಬರಬೇಕು.