ತೊಲೆ ಬಾಗಿದೆಯಂತೆ

ಮಧ್ಯಾಹ್ನ ಗೆಳತಿ ಮೂರು ನಾಣ್ಯ ಕೈಗಿಟ್ಟು "ಆರು ಸಲ ಎಸಿ" ಅಂದಳು. ಚೀನಾದ ಹಳೇ ಶಕುನದ ಪುಸ್ತಕ ಐ ಚಿಂಗ್ ಕೇಳುವ ರೀತಿ ಅದು. ಒಂದು ಎಸೆತಕ್ಕೆ ಒಂದು ಗೆರೆ, ಆರು ಗೆರೆ ಸೇರಿದರೆ ಒಂದು ಚಿಹ್ನೆ. ನನಗೆ ಬಂದದ್ದು 28ನೇ ಚಿಹ್ನೆ, ದಾ ಗುವೊ.

ನಡುವೆ ನಾಲ್ಕು ಗಟ್ಟಿ ಗೆರೆ. ಮೇಲೊಂದು, ಕೆಳಗೊಂದು ಮುರಿದ ಗೆರೆ. ಭಾರವೆಲ್ಲ ನಡುವಲ್ಲೇ, ತುದಿಗಳಲ್ಲಿ ಬಲವೇ ಇಲ್ಲ. ಮಾಡಿನ ತೊಲೆ ಬಾಗಿದೆ, ಎಲ್ಲಿಗಾದರೂ ಹೊರಡುವುದು ಒಳ್ಳೆಯದು ಅನ್ನುತ್ತದೆ ಪುಸ್ತಕ. ರಿಪೇರಿ ಮಾತೇ ಇಲ್ಲ!

ಶಕುನ ನಾನು ನಂಬಲ್ಲ. ಸುಮ್ನೆ ಒಂದೊಂದು ಗೆರೆಗೂ ಪುಸ್ತಕ ಹೇಳುವ ಮಾತು ಓದುತ್ತಾ ಹೋದೆ. ಎರಡನೇ ಗೆರೆಯಲ್ಲಿ ಒಣಗಿದ ವಿಲೋ ಮರ ಚಿಗುರುತ್ತೆ, ಮುದುಕನಿಗೆ ಚಿಕ್ಕ ವಯಸ್ಸಿನ ಹೆಂಡತಿ ಸಿಗುತ್ತಾಳೆ. ಎಲ್ಲವೂ ಶುಭ. ಐದನೇ ಗೆರೆಯಲ್ಲಿ ಅದೇ ಮರ ಹೂ ಬಿಡುತ್ತೆ, ಮುದುಕಿಗೆ ಗಂಡ ಸಿಗುತ್ತಾನೆ. ಅದಕ್ಕೆ ಮಾತ್ರ ತೆಗಳಿಕೆಯೂ ಇಲ್ಲ, ಹೊಗಳಿಕೆಯೂ ಇಲ್ಲವಂತೆ.

ತೂಕ ಯಾವ ಕಡೆ ಜಾಸ್ತಿ, ನೀವೇ ಹೇಳಿ.