ಕರೆಂಟು ಎಲ್ಲೂ ಸಿಗುವುದಿಲ್ಲ, ಮಾಡಬೇಕು

ಕಲ್ಲಿದ್ದಲನ್ನು ನೆಲದಿಂದ ಅಗೆಯಬಹುದು, ಕಚ್ಚಾ ತೈಲವನ್ನು ಬಾವಿ ಕೊರೆದು ತೆಗೆಯಬಹುದು, ಸೌದೆಯನ್ನು ಕಾಡಿನಿಂದ ಆಯ್ದು ತರಬಹುದು. ಕರೆಂಟನ್ನು? ಅದು ಸಿಡಿಲಲ್ಲಿ ಇದೆ ನಿಜ, ಆದರೆ ಹಿಡಿದು ಬಳಸುವ ಹಾಗೆ ಎಲ್ಲೂ ಬಿದ್ದಿರುವುದಿಲ್ಲ. ಏನನ್ನಾದರೂ ಸುಟ್ಟೋ, ನೀರಿನಿಂದ ಚಕ್ರ ತಿರುಗಿಸಿಯೋ, ಬಿಸಿಲಿಗೆ ಫಲಕ ಹಿಡಿದೋ ಮಾಡಿಕೊಳ್ಳಬೇಕು. ಪ್ರಾಥಮಿಕ ಶಕ್ತಿ ಮೂಲ, ದ್ವಿತೀಯ ಶಕ್ತಿ ಮೂಲ ಅಂತ ಪಾಠದಲ್ಲಿ ಬರುತ್ತದಲ್ವಾ, ವ್ಯತ್ಯಾಸ ಇಷ್ಟೇ. ಇದ್ದ ಹಾಗೇ ಸಿಗುವ ಕಲ್ಲಿದ್ದಲು, ಕಚ್ಚಾ ತೈಲ, ಸೌದೆ, ಯುರೇನಿಯಂ, ಗಾಳಿ, ಬಿಸಿಲು, ಹರಿಯುವ ನೀರು ಒಂದು ಗುಂಪು. ಅವುಗಳಿಂದ ಮಾಡಿಕೊಂಡ ಕರೆಂಟು, ಪೆಟ್ರೋಲ್, ಡೀಸೆಲ್, ಇದ್ದಿಲು ಇನ್ನೊಂದು.

ಪಟ್ಟಿ ನೆನಪಿದ್ದರೆ ಪರೀಕ್ಷೆಗೆ ಸಾಕು. ನನ್ನನ್ನು ಕಾಡುವುದು ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಏನಾಗುತ್ತದೆ ಅನ್ನುವುದು.

100 ಪಾಲು ಶಕ್ತಿ ಇರುವಷ್ಟು ಕಲ್ಲಿದ್ದಲು ತಗೊಳ್ಳಿ. ಅದನ್ನು ಸುಟ್ಟು, ನೀರು ಕುದಿಸಿ, ಆ ಹಬೆಯಿಂದ ಟರ್ಬೈನ್ ತಿರುಗಿಸಿ, ಟರ್ಬೈನ್ ಜನರೇಟರನ್ನು ತಿರುಗಿಸುವ ಹೊತ್ತಿಗೆ ಕೈಗೆ ಉಳಿಯುವುದು ಸುಮಾರು 35 ಪಾಲು. ಮಿಕ್ಕಿದ್ದು ಬಿಸಿಯಾಗಿ ಗಾಳಿಗೆ, ನೀರಿಗೆ ಹೋಗುತ್ತದೆ. ಇದರಲ್ಲಿ ಯಾರ ಬೇಜವಾಬ್ದಾರಿಯೂ ಇಲ್ಲ. ಶಾಖದಿಂದ ಓಡುವ ಯಂತ್ರ ಒಂದಷ್ಟು ಶಾಖವನ್ನು ಹೊರಗೆ ಬಿಡಲೇಬೇಕು ಅಂತ ಫ್ರಾನ್ಸಿನ ಎಂಜಿನಿಯರ್ ಸಾದಿ ಕಾರ್ನೊ 1824ರಲ್ಲೇ ಹೇಳಿದ್ದ. ಆಮೇಲೆ ತಂತಿಯಲ್ಲಿ ಇನ್ನೆರಡು ಮೂರು ಪಾಲು ಹೋಗುತ್ತದೆ. ಕೊನೆಗೆ ಹಳೇ ಕಾಲದ ತಂತಿ ಬಲ್ಬಿಗೆ ಬಂದರೆ, ಅದು ಬಂದದ್ದರಲ್ಲಿ ನೂರಕ್ಕೆ ಐದರಷ್ಟನ್ನು ಮಾತ್ರ ಬೆಳಕು ಮಾಡುತ್ತದೆ. ಅಂದರೆ 100 ಪಾಲು ಸುಟ್ಟು ಸಿಕ್ಕ ಬೆಳಕು 2 ಪಾಲೂ ಇಲ್ಲ! ಈ ಲೆಕ್ಕ ಮೊದಲ ಸಲ ಮಾಡಿದಾಗ ತಪ್ಪಿರಬೇಕು ಅಂತ ಮತ್ತೆ ಮಾಡಿದ್ದೆ. 60 ವ್ಯಾಟಿನ ಆ ಬಲ್ಬಿನ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ ಅನ್ನುವುದರ ಬೆಲೆ ಗೊತ್ತಾಗುವುದು ಇಲ್ಲಿ. ಮನೆಯಲ್ಲಿ ಉಳಿದ 1 ಯೂನಿಟ್ಟಿಗೆ ಕರೆಂಟು ಮಾಡುವ ಕಡೆ ಹತ್ತಿರ ಹತ್ತಿರ 3 ಯೂನಿಟ್ಟಿನಷ್ಟು ಕಲ್ಲಿದ್ದಲು ಉಳಿಯುತ್ತದೆ.

ಜಗತ್ತಿನ ಪ್ರಾಥಮಿಕ ಶಕ್ತಿಯಲ್ಲಿ ನೂರಕ್ಕೆ ಸುಮಾರು 80ರಷ್ಟು ಕಲ್ಲಿದ್ದಲು, ತೈಲ, ಅನಿಲದ್ದೇ, ಅಷ್ಟನ್ನೂ ಬಿಸಿಲು ಗಾಳಿಯಿಂದ ತುಂಬೋಕೆ ಆಗುತ್ತಾ ಅಂತ ಜಾಸ್ತಿ ಜನ ಕೇಳುತ್ತಾರೆ. ಅಷ್ಟನ್ನೂ ತುಂಬಬೇಕಾಗಿಲ್ಲ. ಆ 80ರಲ್ಲಿ ದೊಡ್ಡ ಪಾಲು ಸುಮ್ನೆ ಬಿಸಿಯಾಗಿ ಹೋಗುವಂಥದ್ದು. ಗಾಳಿಯಂತ್ರಕ್ಕೆ ಸುಡುವ ಕೆಲಸವೇ ಇಲ್ಲ, ಹಾಗಾಗಿ ಕಲ್ಲಿದ್ದಲಿನ 100ರ ಜಾಗದಲ್ಲಿ ಅದು 35 ಕೊಟ್ಟರೆ ಸಾಕು. ಆದರೆ ರಾತ್ರಿಗೆ, ಗಾಳಿ ಬೀಸದ ದಿನಕ್ಕೆ ಕೂಡಿಡುವುದು ನಿಜಕ್ಕೂ ಕಷ್ಟ, ಅದನ್ನು ಸಣ್ಣದು ಮಾಡಿ ಹೇಳಬಾರದು. ಕೂಡಿಡೋಕೆ ಹೈಡ್ರೋಜನ್ ಇದೆಯಲ್ಲ ಅನ್ನುವವರಿಗೂ ಒಂದು ಮಾತು: ಅದೂ ಮಾಡಿಕೊಂಡದ್ದೇ. ನೀರನ್ನು ಒಡೆದು 1 ಕೆಜಿ ಹೈಡ್ರೋಜನ್ ಮಾಡಲು ಸುಮಾರು 50 ಯೂನಿಟ್ ಕರೆಂಟು ಬೇಕು, ಅದರಲ್ಲಿ ಇರುವುದು ಸುಮಾರು 33 ಯೂನಿಟ್.

ಇಷ್ಟು ನಷ್ಟ ಇದ್ದರೂ ಕರೆಂಟು ಯಾಕೆ ಬೇಕು? ಇವತ್ತಿಗೂ 200 ಕೋಟಿಗೂ ಹೆಚ್ಚು ಜನ ಸೌದೆ, ಬೆರಣಿ, ಇದ್ದಿಲು, ಕಲ್ಲಿದ್ದಲು ಇಂಥವನ್ನೇ ಉರಿಸಿ ಅಡುಗೆ ಮಾಡುತ್ತಾರೆ. ಆ ಹೊಗೆ ಹೋಗುವುದು ಒಲೆ ಊದುವ ಹೆಂಗಸಿನ, ಪಕ್ಕದಲ್ಲಿ ಕೂತ ಮಗುವಿನ ಎದೆಗೆ. ಕರೆಂಟಿನ ಒಲೆ ಬಂದರೆ ಅಡುಗೆಮನೆಯಲ್ಲಿ ಹೊಗೆ ಇಲ್ಲ. ಕರೆಂಟು ಕಲ್ಲಿದ್ದಲಿನಿಂದ ಬಂದಿದ್ದರೆ ಹೊಗೆ ಎಲ್ಲೋ ದೂರದ ಚಿಮಣಿಯಲ್ಲಿ ಏಳುತ್ತದೆ, ಬೂದಿ ಅಲ್ಲಿ ಬೀಳುತ್ತದೆ, ಅಲ್ಲೂ ಜನ ಇದ್ದಾರೆ. ಆದರೂ ಆ ಒಲೆ ಮೊದಲು ಬರಲಿ ಅಂತಲೇ ನಾನು ಹೇಳುತ್ತೇನೆ, ಯಾಕೆಂದರೆ ಲಕ್ಷಾಂತರ ಅಡುಗೆಮನೆಗಳ ಹೊಗೆಗಿಂತ ಒಂದು ಚಿಮಣಿಯ ಹೊಗೆಯನ್ನು ಸೋಸುವುದು ಸುಲಭ. ಮುಂದೆ ಗಾಳಿಯಂತ್ರ, ಬಿಸಿಲ ಫಲಕ ಬಂದು ಆ ಚಿಮಣಿ ನಿಂತರೂ ಒಲೆಯನ್ನು ಬದಲಾಯಿಸಬೇಕಾಗಿಲ್ಲ, ಅದೇ ತಂತಿ, ಅದೇ ಒಲೆ.